ಆ ಕಾಯಿನ್‌ನ ಮೈನಿಂಗ್ ಅಸಲಿಯೋ ತೋರಿಕೆಯೋ? ಹೀಗೆ ನೋಡಿ

ಕೋಲಾರ, ಬಂಗಾರಪೇಟೆ ಕಡೆ ಹೊಸ ಕ್ರಿಪ್ಟೊ ಕಾಯಿನ್ (ಡಿಜಿಟಲ್ ನಾಣ್ಯ) ಮಾರಲು ಬರುವವರು ಮೊದಲು ತೋರಿಸುವುದೇ ಮೈನಿಂಗ್ ಮೆಷಿನ್‌ಗಳ ವಿಡಿಯೊ. ಫ್ಯಾನ್ ಗುಂಯ್ ಅನ್ನುತ್ತೆ, ಲೈಟ್ ಮಿನುಗುತ್ತೆ, ಜನ ದುಡ್ಡು ಕಟ್ಟುತ್ತಾರೆ. ಕಟ್ಟುವ ಮೊದಲು ಇಷ್ಟು ಮಾಡಿ.

ಒಂದು: ಲೆಕ್ಕ ಬರೆಯುವವರು ಯಾರು ಅಂತ ಕೇಳಿ. ಬಿಟ್‌ಕಾಯಿನ್‌ಗೆ ಯಜಮಾನ ಇಲ್ಲ. ಮುಂದಿನ ಬ್ಲಾಕ್, ಅಂದರೆ ಲೆಕ್ಕದ ಪುಸ್ತಕದ ಮುಂದಿನ ಪುಟ, ಯಾರು ಬರೆಯಬೇಕು ಅನ್ನುವುದಕ್ಕೆ ಕಂಪ್ಯೂಟರ್‌ಗಳು ಪೈಪೋಟಿಗೆ ಬೀಳುತ್ತವೆ. ಅದೇ ಮೈನಿಂಗ್. ಕಾಯಿನ್ ಒಂದೇ ಕಂಪನಿಯ ಕೈಯಲ್ಲಿದ್ದರೆ ಪೈಪೋಟಿ ಯಾರ ಜೊತೆ? ಚೀಟಿ ನಡೆಸುವವರು ತಮ್ಮ ಪುಸ್ತಕದಲ್ಲಿ ಒಂದು ಸಾಲು ಬರೆಯಲು ಯಾರನ್ನೂ ಸೋಲಿಸಬೇಕಿಲ್ಲ, ಅಲ್ವಾ?

ಎರಡು: ಬ್ಲಾಕ್ ಎಕ್ಸ್‌ಪ್ಲೋರರ್, ಅಂದರೆ ಬ್ಲಾಕ್‌ಗಳನ್ನು ತೆರೆದು ತೋರಿಸುವ ವೆಬ್‌ಸೈಟ್, ನೋಡಿ. ಹೆಚ್ಚಿನವರು ಎಡವುವುದು ಇಲ್ಲೇ. ಕಂಪನಿಯ ಸೈಟ್‌ನಲ್ಲೇ ಓಡುವ ಬ್ಲಾಕ್ ಪಟ್ಟಿ ನೋಡಿ ಸಮಾಧಾನವಾಗಿಬಿಡುತ್ತಾರೆ. ಅಂಥ ಪಟ್ಟಿಯನ್ನು ಯಾರು ಬೇಕಾದರೂ ಓಡಿಸಬಹುದು. ಮೊದಲು ಅಸಲಿ ಹೇಗಿರುತ್ತೆ ತಿಳಿಯಿರಿ. ಮೆಂಪೂಲ್ ಡಾಟ್ ಸ್ಪೇಸ್‌ಗೆ ಹೋಗಿ ಬಿಟ್‌ಕಾಯಿನ್‌ನ ಯಾವುದಾದರೂ ಬ್ಲಾಕ್ ತೆರೆಯಿರಿ. ಮೊದಲ ವಹಿವಾಟೇ ಮೈನರ್‌ಗೆ (ಪೈಪೋಟಿ ಗೆದ್ದು ಆ ಬ್ಲಾಕ್ ಬರೆದವರಿಗೆ) ಸಿಗುವ ಹೊಸ ಕಾಯಿನ್: ಏಪ್ರಿಲ್ 2024ರಿಂದ 3.125 ಬಿಟ್‌ಕಾಯಿನ್, ಜೊತೆಗೆ ಶುಲ್ಕ. ಹಿಂದಿನ ಹತ್ತು ಬ್ಲಾಕ್ ನೋಡಿ, ಮೈನರ್‌ಗಳು ಬದಲಾಗುತ್ತಿರುತ್ತಾರೆ. ಸಮಯವನ್ನೂ ಗಮನಿಸಿ. ಸರಾಸರಿ 10 ನಿಮಿಷಕ್ಕೊಂದು ಬ್ಲಾಕ್, ಆದರೆ ಒಂದು 2 ನಿಮಿಷಕ್ಕೆ ಬಂದರೆ ಇನ್ನೊಂದು 25 ನಿಮಿಷ ಕಾಯಿಸುತ್ತೆ. ಮೈನಿಂಗ್ ಅಂದರೆ ಅದೃಷ್ಟದಾಟ, ಗಡಿಯಾರದ ಲೆಕ್ಕಕ್ಕೆ ಸಿಗಲ್ಲ. ‘ನಮ್ಮದು ಮೈನಿಂಗ್’ ಎನ್ನುವ ಕಾಯಿನ್‌ನ ಬ್ಲಾಕ್‌ಗಳು ತಪ್ಪದೆ ಒಂದೇ ಅಂತರದಲ್ಲಿ ಬೀಳುತ್ತಿದ್ದರೆ ಅನುಮಾನ ಪಡಿ.

ಆಮೇಲೆ ಕೇಳಿ: ‘ನಿಮ್ಮ ಅನುಮತಿ ಇಲ್ಲದೆ ನನ್ನ ಕಂಪ್ಯೂಟರ್‌ನಲ್ಲಿ ನೋಡ್ ಓಡಿಸಬಹುದಾ?’ ನೋಡ್ ಅಂದರೆ ಇಡೀ ಲೆಕ್ಕವನ್ನು ತಾನೇ ಪರಿಶೀಲಿಸುವ ಕಂಪ್ಯೂಟರ್. ಬಿಟ್‌ಕಾಯಿನ್‌ಗೆ ಅದನ್ನು ಓಡಿಸುವ ಬಿಟ್‌ಕಾಯಿನ್ ಕೋರ್ ಸಾಫ್ಟ್‌ವೇರ್ ಎಲ್ಲರಿಗೂ ಉಚಿತ. ‘ಮೊದಲು ಪ್ಯಾಕೇಜ್ ತಗೊಳ್ಳಿ ಸಾರ್’ ಅಂದರೆ ಕಾಫಿ ಕುಡಿದು ಎದ್ದು ಬನ್ನಿ.

2014ರಲ್ಲಿ ಶುರುವಾದ ಒನ್‌ಕಾಯಿನ್ ಹೀಗೇ ಮೈನಿಂಗ್ ಹೆಸರಲ್ಲಿ ಪ್ಯಾಕೇಜ್ ಮಾರಿತು. ಅಸಲಿಗೆ ಮೈನಿಂಗೇ ಇರಲಿಲ್ಲ, ಬೆಲೆಯನ್ನೂ ಕಂಪನಿಯೇ ಬರೆಯುತ್ತಿತ್ತು. ಅದರ ಸ್ಥಾಪಕಿ ರೂಜಾ ಇಗ್ನಾಟೋವಾ ತಲೆಮರೆಸಿಕೊಂಡರು. ಜೊತೆಗಾರ ಕಾರ್ಲ್ ಗ್ರೀನ್‌ವುಡ್‌ಗೆ 2023ರಲ್ಲಿ ಅಮೆರಿಕದ ಕೋರ್ಟ್ 20 ವರ್ಷ ಜೈಲು ವಿಧಿಸಿತು.

ಹಾಗಂತ ಮೈನಿಂಗ್ ಇಲ್ಲದ್ದೆಲ್ಲ ಮೋಸವಲ್ಲ. ಇಥೀರಿಯಂ ಎಂಬ ಹೆಸರುವಾಸಿ ಕ್ರಿಪ್ಟೊ 2022ರ ಸೆಪ್ಟೆಂಬರ್‌ನಲ್ಲಿ ಮೈನಿಂಗ್ ಬಿಟ್ಟಿತು. ರಿಸರ್ವ್ ಬ್ಯಾಂಕ್‌ನ ಡಿಜಿಟಲ್ ರೂಪಾಯಿಯಾದ ಇ-ರುಪಿಯಲ್ಲಿ ಮೈನಿಂಗ್ ಇಲ್ಲವೇ ಇಲ್ಲ, ಬ್ಯಾಂಕೇ ಅದನ್ನು ಹೊರಡಿಸುತ್ತೆ, ಅದನ್ನು ಮುಚ್ಚಿಟ್ಟೂ ಇಲ್ಲ. ಒಬ್ಬರ ಕೈಯಲ್ಲಿರುವ ಕಾಯಿನ್‌ಗೆ ಮೈನಿಂಗ್ ಬೇಕಿಲ್ಲ. ಬೇಕಿಲ್ಲದ್ದನ್ನು ಕೂಗಿ ಹೇಳುವವರ ಮೇಲೆ ಕಣ್ಣಿಡಿ.

ಫೋನ್‌ನಲ್ಲಿ ದಿನಾ ಬಟನ್ ಒತ್ತಿಸುವ ‘ಮೈನಿಂಗ್’ ಆ್ಯಪ್‌ಗಳನ್ನು ಸುಮ್ನೆ ಅಳಿಸಿಬಿಡಿ.

ಮೂರು: ಈಗಾಗಲೇ ದುಡ್ಡು ಕಟ್ಟಿದ್ದರೆ ಪೂರ್ತಿ ವಾಪಸ್ ಕೇಳಿ. ತೆಗೆಯಲು ಇನ್ನಷ್ಟು ಕಟ್ಟಿ ಅಂದರೆ ಒಂದು ರೂಪಾಯಿಯನ್ನೂ ಕೊಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.