ಮುಟ್ಟು ನಿಂತ ಮೇಲೆ ಸೊಂಟಕ್ಕೆ ಟೇಪ್ ಹಿಡಿಯಿರಿ

ಮುಂಬಯಿಯ ಮಾಟುಂಗಾದ ಮಾರ್ಕೆಟ್‌ನಲ್ಲಿ ಬಾಳೆಎಲೆ, ನುಗ್ಗೆಕಾಯಿ ಕೊಳ್ಳುವಾಗ ಸಿಗುವ ನಮ್ಮ ಕಡೆಯ ಹೆಂಗಸರದ್ದು ಒಂದೇ ಮಾತು. "ಮುಟ್ಟು ನಿಂತ ಮೇಲೆ ಹೊಟ್ಟೆ ಬಂದೇ ಬರುತ್ತೆ, ಏನ್ ಮಾಡೋದು?" ನಾನೂ ಹಾಗೇ ಅಂದುಕೊಂಡಿದ್ದೆ. 57ನೇ ವಯಸ್ಸಿನಲ್ಲಿ ದೊಡ್ಡಕ್ಕನಿಗೆ ಸ್ತನ ಕ್ಯಾನ್ಸರ್ ಬಂತು, ರಿಪೋರ್ಟ್‌ನಲ್ಲಿ ಇ.ಆರ್. ಪಾಸಿಟಿವ್ ಎಂದಿತ್ತು. ಎಸ್ಟ್ರೋಜನ್, ಅಂದರೆ ಹೆಣ್ಣು ಹಾರ್ಮೋನ್, ಸಿಕ್ಕರೆ ಬೆಳೆಯುವ ಜಾತಿ ಎಂದರು ಡಾಕ್ಟರ್. ಮುಟ್ಟು ನಿಂತು ಎಂಟು ವರ್ಷ ಆದವಳಿಗೆ ಎಸ್ಟ್ರೋಜನ್ ಎಲ್ಲಿಂದ ಬಂತು ಎಂದು ಕೇಳಿದೆ. ಅವರು ತಮ್ಮ ಹೊಟ್ಟೆ ಮುಟ್ಟಿ ತೋರಿಸಿದರು.

ಬೊಜ್ಜು ಮೈಯಲ್ಲಿ ಸುಮ್ನೆ ಕೂತಿರುವುದಿಲ್ಲ. ಮುಟ್ಟು ನಿಂತ ಮೇಲೆ ಅಂಡಾಶಯ ಎಸ್ಟ್ರೋಜನ್ ಮಾಡುವುದನ್ನು ಹೆಚ್ಚುಕಡಿಮೆ ನಿಲ್ಲಿಸುತ್ತದೆ, ಆ ಕೆಲಸ ಕೊಬ್ಬಿಗೆ ಬರುತ್ತದೆ. ಹೆಂಗಸರ ಮೈಯಲ್ಲೂ ಸ್ವಲ್ಪ ಗಂಡು ಹಾರ್ಮೋನ್ ಇರುತ್ತದೆ ಅಲ್ವಾ, ಕೊಬ್ಬಿನಲ್ಲಿರುವ ಅರೊಮಟೇಸ್ ಎಂಬ ಕಿಣ್ವ ಅದನ್ನೇ ಎಸ್ಟ್ರೋಜನ್ ಆಗಿ ಬದಲಾಯಿಸುತ್ತದೆ, ಸ್ತನದೊಳಗಿನ ಕೊಬ್ಬಿನಲ್ಲೂ ಇದು ನಡೆಯುತ್ತದೆ. ಕೊಬ್ಬು ಜಾಸ್ತಿ ಆದಷ್ಟೂ ಎಸ್ಟ್ರೋಜನ್ ಜಾಸ್ತಿ.

ಇನ್ನೂ ಇದೆ. 1994ರಲ್ಲಿ ಲೆಪ್ಟಿನ್ ಎಂಬ ಹಾರ್ಮೋನ್ ಪತ್ತೆಯಾಯಿತು. ಇದನ್ನು ಮಾಡುವುದೂ ಕೊಬ್ಬೇ. "ಹೊಟ್ಟೆ ತುಂಬಿತು, ಸಾಕು" ಎಂದು ಮೆದುಳಿಗೆ ಹೇಳುವುದು ಅದರ ಕೆಲಸ. ಬೊಜ್ಜು ಬಂದಾಗ ಲೆಪ್ಟಿನ್ ಏರುತ್ತದೆ, ಮೆದುಳು ಅದರ ಮಾತು ಕೇಳುವುದನ್ನು ಬಿಡುತ್ತದೆ. ಲ್ಯಾಬ್‌ನಲ್ಲಿ ನೋಡಿದಾಗ ಲೆಪ್ಟಿನ್ ಸ್ತನ ಕ್ಯಾನ್ಸರ್ ಜೀವಕೋಶಗಳನ್ನು ಬೆಳೆಯಲು ತಳ್ಳುತ್ತದೆ. ಅಡಿಪೊನೆಕ್ಟಿನ್ ಎಂಬ ಇನ್ನೊಂದು ಹಾರ್ಮೋನ್ ಇದಕ್ಕೆ ಕಡಿವಾಣದ ಹಾಗೆ, ಆದರೆ ಬೊಜ್ಜು ಬೆಳೆದಂತೆ ಅದು ಕಡಿಮೆಯಾಗುತ್ತದೆ. ಜೊತೆಗೆ ಇನ್ಸುಲಿನ್ ಏರುತ್ತದೆ, ಕೊಬ್ಬಿನೊಳಗೆ ಸಣ್ಣ ಉರಿಯೂತ ಸದಾ ಇರುತ್ತದೆ, ಇವೂ ಕ್ಯಾನ್ಸರ್ ಬೆಳೆಯಲು ನೆರವಾಗಬಹುದು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಅಕ್ಕನಿಗೆ ಬೊಜ್ಜಿನಿಂದಲೇ ಬಂತು ಎಂದು ಯಾರೂ ಹೇಳಲಾರರು. ತೆಳ್ಳಗಿರುವವರಿಗೂ ಬರುತ್ತದೆ. ಮುಟ್ಟು ನಿಲ್ಲುವ ಮೊದಲು ಬರುವ ಸ್ತನ ಕ್ಯಾನ್ಸರಿಗೂ ತೂಕಕ್ಕೂ ಇಷ್ಟು ನೇರ ಸಂಬಂಧ ಇಲ್ಲ. ಹಾಗಾಗಿ ಕಾಯಿಲೆ ಬಂದವರನ್ನು "ನೀನು ದಪ್ಪ ಇದ್ದೆ, ಅದಕ್ಕೇ" ಎಂದು ಚುಚ್ಚಬೇಡಿ. ಅಕ್ಕ ಆ ಮಾತು ಕೇಳಿ ಅತ್ತಿದ್ದನ್ನು ನಾನು ನೋಡಿದ್ದೇನೆ.

ಈಗ ಟೇಪ್ ತನ್ನಿ, ಟೈಲರ್ ಟೇಪ್ ಸಾಕು. ನಿಂತುಕೊಳ್ಳಿ. ಕೊನೆಯ ಪಕ್ಕೆಲುಬು ಎಲ್ಲಿ ಮುಗಿಯುತ್ತದೆ ಎಂದು ಬೆರಳಿನಿಂದ ಹುಡುಕಿ, ಸೊಂಟದ ಎಲುಬಿನ ಮೇಲ್ತುದಿಯನ್ನೂ ಹುಡುಕಿ, ಎರಡರ ನಡುವೆ ಟೇಪ್ ಸುತ್ತಿ. ಸೀರೆ ಉಡುವವರು ಇಲ್ಲಿ ತಪ್ಪುತ್ತೇವೆ. ವರ್ಷಗಟ್ಟಲೆ ಲಂಗದ ಲಾಡಿ ಬಿಗಿದು ಬಿಗಿದು ಸೊಂಟದ ಸುತ್ತ ಕಪ್ಪು ಗೆರೆ ಬಿದ್ದಿರುತ್ತದಲ್ಲ, ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ, ಲಾಡಿ ಅಲ್ಲಿ ಮೈಯನ್ನು ಒತ್ತಿ ತಗ್ಗು ಮಾಡಿರುವುದರಿಂದ ಅಳತೆ ಕಡಿಮೆ ತೋರಿಸುತ್ತದೆ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ. ಉಸಿರು ಬಿಟ್ಟಾಗ ಓದಿ. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್ ಗಡಿ. ಬಿ.ಎಂ.ಐ. (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ನೋಡುವವರಿಗೆ 23 ದಾಟಿದರೆ ತೂಕ ಜಾಸ್ತಿ, 25ರಿಂದ ಬೊಜ್ಜು. ಆದರೆ ಕೈಕಾಲು ಸಣ್ಣ, ಹೊಟ್ಟೆ ದೊಡ್ಡ ಇರುವ ನಮ್ಮಂಥವರಿಗೆ ಟೇಪೇ ಹೆಚ್ಚು ನಿಜ ಹೇಳುತ್ತದೆ ಎಂದು ನನ್ನ ಅಭಿಪ್ರಾಯ.

ಇಳಿಸುವುದು ಹೇಗೆ? ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ. ದಾದರ್‌ನಿಂದ ಡೊಂಬಿವಲಿವರೆಗೆ ಲೋಕಲ್‌ನಲ್ಲಿ ನಿಂತು ಬಂದರೆ ದಣಿವಾಗುತ್ತದೆ, ಆದರೆ ಅದು ವ್ಯಾಯಾಮ ಅಲ್ಲ. ಮಾಟುಂಗಾದವರಿಗೆ ಫೈವ್ ಗಾರ್ಡನ್ಸ್ ಇದೆ, ಮಳೆಗಾಲದಲ್ಲಿ ಬಿಲ್ಡಿಂಗಿನ ಮೆಟ್ಟಿಲು ಹತ್ತಿ ಇಳಿಯಿರಿ. ಮೊಣಕಾಲು ನೋವಿದ್ದರೆ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರಿ. ಸ್ನಾಯು ಕೆಲಸ ಮಾಡಿದಾಗ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ, ಇನ್ಸುಲಿನ್ ಇಳಿಯುತ್ತದೆ.

ಊಟದಲ್ಲಿ ನಾನು ಮೊದಲು ಕೈಹಾಕಿದ್ದು ಚಹಾಕ್ಕೆ. ದಿನಕ್ಕೆ 4 ಕಪ್, ಕಪ್ಪಿಗೆ 2 ಚಮಚ ಸಕ್ಕರೆ, ಲೆಕ್ಕ ಹಾಕಿದರೆ 30 ಗ್ರಾಂ ದಾಟುತ್ತದೆ. ಆಮೇಲೆ ಕುಚ್ಚಲಕ್ಕಿ ಅನ್ನ ಒಂದು ಸೌಟು ಕಡಿಮೆ ಮಾಡಿ ಹುರುಳಿ ಸಾರು, ಬಸಳೆ, ಹೆಸರುಕಾಳು ಜಾಸ್ತಿ ಮಾಡಿದೆ, ಮೀನು ತಿನ್ನುವವರಾದರೆ ಬಂಗುಡೆ ಜಾಸ್ತಿ ಮಾಡಿ. ಸಂಜೆಯ ವಡಾಪಾವ್ ಬಿಡುವುದೇ ಕಷ್ಟವಾಯಿತು. ಮದ್ಯ ಕುಡಿಯುವವರು ಅದನ್ನು ಬಿಟ್ಟುಬಿಡಿ, ಅದು ತೂಕ ಎಷ್ಟೇ ಇರಲಿ ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚಿಸುತ್ತದೆ.

ತೂಕ ಇಳಿದರೂ ಪರೀಕ್ಷೆ ಬಿಡಬೇಡಿ. ದೊಡ್ಡ ಸ್ತನದಲ್ಲಿ ಚಿಕ್ಕ ಗಂಟು ಕೈಗೆ ಸಿಗುವುದು ಕಷ್ಟ. ಅಕ್ಕನ ಗಂಟನ್ನು ಮೊದಲು ನೋಡಿದ ಒಬ್ಬ ಡಾಕ್ಟರ್ "ಕೊಬ್ಬಿನ ಗಂಟು" ಎಂದು ಕಳಿಸಿಬಿಟ್ಟರು, ನಾಲ್ಕು ತಿಂಗಳು ಹೋಯಿತು. ನೋವಿಲ್ಲದ ಗಂಟು, ಒಳಗೆ ಎಳೆದುಕೊಂಡ ತೊಟ್ಟು, ಅದರಿಂದ ರಕ್ತ, ಕಿತ್ತಳೆ ಸಿಪ್ಪೆಯಂತಾದ ಚರ್ಮ, ಕಂಕುಳಲ್ಲಿ ಗಡ್ಡೆ, ಇವುಗಳಲ್ಲಿ ಒಂದು ಕಂಡರೂ ಮ್ಯಾಮೊಗ್ರಫಿ (ಸ್ತನದ ಎಕ್ಸ್‌ರೇ), ಸೂಜಿ ಪರೀಕ್ಷೆ ಕೇಳಿ. ಪರೇಲಿನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯವರು ಇದೇ ಮುಂಬಯಿಯ ಸುಮಾರು 1.5 ಲಕ್ಷ ಹೆಂಗಸರನ್ನು 20 ವರ್ಷ ಗಮನಿಸಿ 2021ರಲ್ಲಿ ಫಲಿತಾಂಶ ಕೊಟ್ಟರು. ತರಬೇತಿ ಪಡೆದ ಕಾರ್ಯಕರ್ತೆಯರು 2 ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದ ಗುಂಪಿನಲ್ಲಿ, 50 ದಾಟಿದವರಲ್ಲಿ ಈ ಕಾಯಿಲೆಯ ಸಾವು ಸುಮಾರು ಶೇ. 30 ಕಡಿಮೆ ಇತ್ತು.

ಚಿಕಿತ್ಸೆಯಲ್ಲಿ ಇರುವವರಿಗೆ ಒಂದು ಮಾತು. ಲೆಟ್ರೋಜೋಲ್, ಅನಾಸ್ಟ್ರೋಜೋಲ್ ಮಾತ್ರೆ ತಡೆಯುವುದು ಅದೇ ಅರೊಮಟೇಸನ್ನು. ತೂಕ ಇಳಿಯಿತು, ಇನ್ನು ಬೇಡ ಎಂದು ನಿಲ್ಲಿಸಬೇಡಿ. ಅಕ್ಕನಿಗೆ ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಆಗುತ್ತಿರಲಿಲ್ಲ, ಮಾತ್ರೆಯಿಂದ ಹಾಗಾಗುವುದು ಸಾಮಾನ್ಯವಂತೆ, ಅವಳು ಯಾರಿಗೂ ಹೇಳದೆ ಎರಡು ವಾರ ಬಿಟ್ಟಿದ್ದಳು. ಡಾಕ್ಟರಿಗೆ ಹೇಳಿದ ಮೇಲೆ ಬೇರೆ ಮಾತ್ರೆ ಬರೆದುಕೊಟ್ಟರು. ಈಗ ದಿನಾ ರಾತ್ರಿ ಊಟ ಆದ ಮೇಲೆ ತೆಗೆದುಕೊಳ್ಳುತ್ತಾಳೆ.