ತಿರುಗಾಟಕ್ಕೊಂದು ಲ್ಯಾಪ್‌ಟಾಪ್: ಹೊಸದನ್ನು ಬಿಟ್ಟು ಹಳೆಯ ಥಿಂಕ್‌ಪ್ಯಾಡ್ ಟಿ480 ಆರಿಸಿದ್ದು ಏಕೆ, ಹೇಗೆ

ತಿಂಗಳಲ್ಲಿ ಹದಿನೈದು ದಿನ ಬಸ್ಸು, ರೈಲಿನಲ್ಲಿ ಓಡಾಡುವ ಲ್ಯಾಪ್‌ಟಾಪಿನಲ್ಲಿ ಮೊದಲು ಕೈಕೊಡುವುದು ಹಿಂಜ್, ಅಂದರೆ ಪರದೆ ಮಡಚುವ ಕೀಲು. ಅದರ ಹಿಂದೆಯೇ ಚಾರ್ಜಿಂಗ್ ಪೋರ್ಟ್ ಸಡಿಲವಾಗುತ್ತದೆ, ಬ್ಯಾಟರಿ ಸೋಲುತ್ತದೆ, ಕೀಬೋರ್ಡಿಗೆ ಕಾಫಿ ಚೆಲ್ಲುತ್ತದೆ, ಬ್ಯಾಗಿನೊಳಗೆ ಅದುಮಿ ಅದುಮಿ ಪರದೆಯಲ್ಲಿ ಬಿಳಿ ಕಲೆ ಮೂಡುತ್ತದೆ. ಪ್ರೊಸೆಸರ್ ಹಳೆಯದಾಯಿತೆಂದು ಪ್ರಯಾಣದ ನಡುವೆ ಕೆಲಸ ನಿಂತದ್ದನ್ನು ನಾನು ಕಂಡಿಲ್ಲ. ಆದ್ದರಿಂದ ಯಂತ್ರ ಆರಿಸುವಾಗ ಈ ಐದನ್ನೇ ಮುಂದಿಟ್ಟುಕೊಂಡೆ. ಇವು ಕೆಟ್ಟರೆ ಬಿಡಿಭಾಗ ಸಿಗುತ್ತದೆಯೇ? ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಒಬ್ಬ ಮೆಕ್ಯಾನಿಕ್ ಅದನ್ನು ಒಂದು ಮಧ್ಯಾಹ್ನದಲ್ಲಿ ಹಾಕಿಕೊಡಬಲ್ಲನೇ?

ಇಟ್ಟುಕೊಂಡ ಹಣ ₹35,000. ಈ ಬೆಲೆಗೆ ಹೊಸದೂ ಸಿಗುತ್ತದೆ, ನೋಡಲು ತೆಳ್ಳಗೆ ಅಂದವಾಗಿಯೂ ಇರುತ್ತದೆ. ಮುಚ್ಚಳ ಬಿಚ್ಚಿ ನೋಡಿದರೆ ಮಾತ್ರ ತೊಂದರೆ ಎಲ್ಲಿದೆ ಎಂಬುದು ತಿಳಿಯುತ್ತದೆ. ಅಗ್ಗದ ಮಾಡೆಲ್‌ಗಳಲ್ಲಿ ಹಿಂಜಿನ ಸ್ಕ್ರೂ ಕೂರುವುದು ಪ್ಲಾಸ್ಟಿಕ್ಕಿನೊಳಗೆ ಬಿಸಿ ಮಾಡಿ ಹುದುಗಿಸಿದ ಪುಟ್ಟ ಹಿತ್ತಾಳೆ ಬುಷ್‌ಗಳಲ್ಲಿ. ದೂಳು ಸೇರಿ ಹಿಂಜ್ ಬಿಗಿಯಾದಂತೆ, ಪ್ರತಿ ಸಲ ಪರದೆ ಎತ್ತುವಾಗಲೂ ಆ ಬುಷ್ ಸ್ವಲ್ಪ ಸ್ವಲ್ಪವೇ ಕಿತ್ತು ಬರುತ್ತದೆ. ಕೊನೆಗೊಂದು ದಿನ ಮೂಲೆ ಬಾಯಿ ಬಿಡುತ್ತದೆ. ಅಂಟು ಹಾಕಿದರೆ ಹೆಚ್ಚು ದಿನ ನಿಲ್ಲದು, ಇಡೀ ಕವಚವನ್ನೇ ಬದಲಿಸಬೇಕು. ಇಂಥ ಯಂತ್ರಗಳಲ್ಲಿ ಬಹಳಷ್ಟಕ್ಕೆ ಕೀಬೋರ್ಡನ್ನೂ ಮೇಲ್ಕವಚಕ್ಕೆ ಪ್ಲಾಸ್ಟಿಕ್ ಕರಗಿಸಿ ಬೆಸೆದಿರುತ್ತಾರೆ. ಕೆಲವಕ್ಕೆ ಮೆಮೊರಿಯೂ ಬೋರ್ಡಿಗೇ ಬೆಸುಗೆ, ಅಂಥವಲ್ಲಿ 8 ಜಿಬಿ ಎಂದರೆ ಕೊನೆಯವರೆಗೂ 8 ಜಿಬಿ.

‘ಮಿಲಿಟರಿ ಗ್ರೇಡ್’ ಎಂಬ ಸ್ಟಿಕ್ಕರ್ ಕಂಡು ಸಮಾಧಾನಪಡಬೇಡಿ. ಅದರ ಹಿಂದಿರುವ ಮಿಲ್-ಎಸ್‌ಟಿಡಿ-810 ಅಮೆರಿಕದ ರಕ್ಷಣಾ ಇಲಾಖೆಯ ಪರೀಕ್ಷಾ ಕೈಪಿಡಿ. ಬೀಳಿಸುವುದು, ಅದುರಿಸುವುದು, ತೇವ, ದೂಳು, ಬಿಸಿ ಹೀಗೆ ಹಲವು ವಿಧಾನ ಅದರಲ್ಲಿವೆ. ಯಾವುದನ್ನು ಮಾಡಬೇಕು, ಎಷ್ಟು ಕಟುವಾಗಿ ಮಾಡಬೇಕು ಎಂಬುದು ತಯಾರಕರ ಆಯ್ಕೆ. ಪ್ರಮಾಣಪತ್ರ ಕೊಡುವ ಸರಕಾರಿ ಸಂಸ್ಥೆ ಯಾವುದೂ ಇಲ್ಲ. ನೀರು ಒಳಹೋಗುವುದಿಲ್ಲ ಎಂಬ ಅರ್ಥವಂತೂ ಅಲ್ಲವೇ ಅಲ್ಲ.

ಹಾಗಾಗಿ ನೋಟ ಹೊರಳಿದ್ದು ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಬಿಟ್ಟ ಬಿಸಿನೆಸ್ ಲ್ಯಾಪ್‌ಟಾಪ್‌ಗಳ ಕಡೆಗೆ. ಬೆಂಗಳೂರಿನ ಐಟಿ ಕಚೇರಿಗಳಿಂದ ಇವು ರಾಶಿರಾಶಿಯಾಗಿ ಹೊರಬರುತ್ತವೆ, ಅಲ್ಲಿನ ಕಂಪ್ಯೂಟರ್ ಅಂಗಡಿಗಳ ಎಸ್‌ಪಿ ರೋಡಿನಲ್ಲಿ ಒಂದೇ ಮಾಡೆಲಿನ ಹತ್ತಾರನ್ನು ಪಕ್ಕಪಕ್ಕ ಇಟ್ಟು ಆರಿಸಬಹುದು. ಕೊನೆಯ ಸುತ್ತಿಗೆ ಉಳಿದದ್ದು ಮೂರು, ಮೂರೂ 2018ರವು: ಲೆನೊವೊ ಥಿಂಕ್‌ಪ್ಯಾಡ್ ಟಿ480, ಡೆಲ್ ಲ್ಯಾಟಿಟ್ಯೂಡ್ 7490, ಎಚ್‌ಪಿ ಎಲೈಟ್‌ಬುಕ್ 840 ಜಿ5. ಮೂರಕ್ಕೂ 14 ಇಂಚಿನ ಪರದೆ, ಎರಡು ಮೆಮೊರಿ ಸ್ಲಾಟ್, ಟೈಪ್-ಸಿ ಚಾರ್ಜಿಂಗ್. ಡೆಲ್, ಎಚ್‌ಪಿ ಎರಡೂ ಟಿ480ಕ್ಕಿಂತ ಹಗುರ. ಆದರೂ ಟಿ480 ಆರಿಸಿದೆ, ಅದಕ್ಕೆ ಕಾರಣ ಎರಡು. ಅದಕ್ಕೆ ಒಳಗೊಂದು, ಹೊರಗೊಂದು ಹೀಗೆ ಎರಡು ಬ್ಯಾಟರಿ; ಹೊರಬ್ಯಾಟರಿಯನ್ನು ಯಂತ್ರ ಆಫ್ ಮಾಡದೆಯೇ ಕಳಚಿ ಬೇರೆ ಹಾಕಬಹುದು. ಇನ್ನೊಂದು, ಕೀಬೋರ್ಡ್ ಬದಲಿಸಲು ಮದರ್‌ಬೋರ್ಡ್ ಬಿಚ್ಚಬೇಕಿಲ್ಲ. ನೀರು ಚೆಲ್ಲಿದರೆ ಹರಿದುಹೋಗಲು ಕೆಳಗೆ ರಂಧ್ರಗಳೂ ಇವೆ.

2018ಕ್ಕಿಂತ ಹಿಂದಿನದಕ್ಕೆ ಹೋಗಬೇಡಿ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ನೇರವಾಗಿ ಒಪ್ಪುವುದು ಇಂಟೆಲ್‌ನ ಎಂಟನೇ ತಲೆಮಾರು ಮತ್ತು ಅದರ ನಂತರದವನ್ನು. ಇಲ್ಲೇ ಒಂದು ಮೋಸವೂ ನಡೆಯುತ್ತದೆ. ಟಿ470 ಮತ್ತು ಟಿ480 ನೋಡಲು ಅವಳಿಜವಳಿ. ಟಿ470ರಲ್ಲಿರುವುದು ಐ5-6300ಯು ಅಥವಾ 7300ಯು ಥರದ ಎರಡು ಕೋರಿನ ಚಿಪ್, ಟಿ480ರಲ್ಲಿ ಐ5-8250ಯು ಅಥವಾ 8350ಯು, ನಾಲ್ಕು ಕೋರು. ಸ್ಟಿಕ್ಕರ್ ನಂಬದೆ ಟಾಸ್ಕ್ ಮ್ಯಾನೇಜರ್ ತೆರೆದು ಚಿಪ್ಪಿನ ಹೆಸರು ಓದಿ.

ಅಂಗಡಿಯಲ್ಲಿ ಒಂದು ಗಂಟೆ ಬೇಕು ಎಂದು ಮೊದಲೇ ಹೇಳಿ ಕುಳಿತುಕೊಳ್ಳಬೇಕು. ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ, ಪಕ್ಕದಲ್ಲೇ ಇನ್ನೊಂದು ಇರುತ್ತದೆ. ನಾನು ಮೊದಲು ತೆರೆಯುವುದು ಬಯೋಸ್, ಅಂದರೆ ವಿಂಡೋಸ್‌ಗೂ ಮೊದಲು ಓಡುವ, ಯಂತ್ರದ ಮೂಲ ಸೆಟ್ಟಿಂಗ್‌ಗಳ ಪರದೆ; ಅದಕ್ಕೆ ಆನ್ ಮಾಡುತ್ತಿದ್ದಂತೆ ಎಫ್1 ಒತ್ತಬೇಕು. ಪಾಸ್‌ವರ್ಡ್ ಕೇಳಿದರೆ ಆ ಯಂತ್ರ ಬೇಡ. ಥಿಂಕ್‌ಪ್ಯಾಡಿನ ಸೂಪರ್‌ವೈಸರ್ ಪಾಸ್‌ವರ್ಡ್ ಬೇರೆಯೇ ಚಿಪ್ಪಿನಲ್ಲಿರುತ್ತದೆ, ಬಯೋಸಿನ ಗುಂಡಿ ಸೆಲ್ ಕಿತ್ತು ಹಾಕಿದರೂ ಅಳಿಯುವುದಿಲ್ಲ. ಸೆಕ್ಯುರಿಟಿ ವಿಭಾಗದಲ್ಲಿ ಅಬ್ಸಲ್ಯೂಟ್ ಅಥವಾ ಕಂಪ್ಯೂಟ್ರೇಸ್ ಎಂಬ ಸಾಲಿದ್ದು, ಅದು ಚಾಲೂ ಆಗಿದ್ದರೆ ಹಳೆಯ ಮಾಲೀಕ ಕಂಪನಿ ದೂರದಿಂದಲೇ ಅದನ್ನು ಬೀಗ ಹಾಕಬಲ್ಲದು. ಅದೂ ಬೇಡ.

ಮೂರನೆಯ ಬೀಗ ಸುಲಭಕ್ಕೆ ಕಾಣದ್ದು. ಕೆಲವು ಕಂಪನಿಗಳು ಲ್ಯಾಪ್‌ಟಾಪನ್ನು ಮೈಕ್ರೋಸಾಫ್ಟ್‌ನ ಆಟೋಪೈಲಟ್ ಪಟ್ಟಿಯಲ್ಲಿ (ಯಂತ್ರ ಯಾವ ಕಂಪನಿಯದೆಂದು ನೆಟ್ ಮೂಲಕ ಗುರುತಿಸುವ ವ್ಯವಸ್ಥೆ) ಸೇರಿಸಿ, ಮಾರುವಾಗ ತೆಗೆಯಲು ಮರೆತಿರುತ್ತವೆ. ಅಂಗಡಿಯವರು ನೆಟ್ ಇಲ್ಲದೆ ವಿಂಡೋಸ್ ಹಾಕಿದ್ದರೆ ಇದು ಗೊತ್ತೇ ಆಗುವುದಿಲ್ಲ. ಮುಂದೆ ನೀವು ರೀಸೆಟ್ ಮಾಡಿದ ದಿನ ಯಾವುದೋ ಕಂಪನಿಯ ಲಾಗಿನ್ ಪುಟ ಎದುರಾಗುತ್ತದೆ. ಆದ್ದರಿಂದ ಅಂಗಡಿಯಲ್ಲೇ ರೀಸೆಟ್ ಮಾಡಿಸಿ, ನಿಮ್ಮ ಮೊಬೈಲ್ ಹಾಟ್‌ಸ್ಪಾಟಿಗೆ ಜೋಡಿಸಿ, ಖಾತೆ ಕೇಳುವ ಹಂತದವರೆಗೆ ಹೋಗಿ. ಕಂಪನಿಯ ಹೆಸರು ಕಂಡರೆ ಎದ್ದು ಬನ್ನಿ. ರೀಸೆಟ್ ಆಗುವಷ್ಟು ಹೊತ್ತು ಅದರ ಪಕ್ಕದ ಯಂತ್ರದ ಹಿಂಜು, ಪೋರ್ಟುಗಳನ್ನು ನೋಡುತ್ತಿರಬಹುದು.

ಹಿಂಜಿಗೆ ಪರೀಕ್ಷೆ ಸುಲಭ. ಪರದೆಯನ್ನು 45 ಡಿಗ್ರಿಗೆ ನಿಲ್ಲಿಸಿ ಮೇಜನ್ನು ತಟ್ಟಿ, ಜಾರಿದರೆ ಸಡಿಲ. ಆಮೇಲೆ ಒಂದೇ ಮೂಲೆ ಹಿಡಿದು ಎತ್ತಿ; ಕಿರ್ರ್ ಎಂದರೆ ಅಥವಾ ಅಂಚು ಬಾಯಿ ಬಿಟ್ಟರೆ ಒಳಗೆ ಬಿರುಕಿದೆ. ಪರದೆಯನ್ನು ಪೂರ್ತಿ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಮಾಡಿ ನೋಡಿ. ಒತ್ತಡದ ಕಲೆ ಬಿಳಿಯಲ್ಲಿ ಎದ್ದು ಕಾಣುತ್ತದೆ. ಟಿ480 ಮೂರು ಬಗೆಯ ಪರದೆಯಲ್ಲಿ ಬಂದಿತ್ತು: 1366×768 ಟಿಎನ್, 1920×1080 ಐಪಿಎಸ್ ಮತ್ತು 2560×1440 ಐಪಿಎಸ್. ಮೊದಲನೆಯದನ್ನು ಪಕ್ಕದಿಂದ ನೋಡಿದರೆ ಬಣ್ಣ ಮಾಸುತ್ತದೆ. ಎರಡನೆಯದಕ್ಕೆ ₹1,500 ಹೆಚ್ಚು ಕೊಟ್ಟರೂ ಸರಿಯೇ.

ಬ್ಯಾಟರಿಯ ನಿಜ ಸ್ಥಿತಿಗೆ ಕಮಾಂಡ್ ಪ್ರಾಂಪ್ಟಿನಲ್ಲಿ powercfg /batteryreport ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಒಂದು ವೆಬ್ ಪುಟ ತಯಾರಾಗುತ್ತದೆ. ಅದರಲ್ಲಿ ಡಿಸೈನ್ ಕೆಪಾಸಿಟಿ ಎಂದರೆ ಹೊಸದಾಗಿದ್ದಾಗಿನ ಅಳತೆ, ಫುಲ್ ಚಾರ್ಜ್ ಕೆಪಾಸಿಟಿ ಎಂದರೆ ಈಗಿನದು. ಶೇ 70ಕ್ಕಿಂತ ಕಡಿಮೆಯಿದ್ದರೆ ಬ್ಯಾಟರಿ ಬೆಲೆಯನ್ನು ಚೌಕಾಸಿಯಲ್ಲಿ ಇಳಿಸಿಕೊಳ್ಳಿ. ಕಡತಗಳು ಉಳಿಯುವ ಡಿಸ್ಕಿಗೆ, ಅಂದರೆ ಎಸ್‌ಎಸ್‌ಡಿಗೆ, ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಸಾಕು. ಹೆಲ್ತ್ ಶೇ 80ಕ್ಕಿಂತ ಕೆಳಗಿದ್ದರೆ ಬೇರೆ ಹಾಕಿಸಿ.

ಟೈಪ್-ಸಿ ಪೋರ್ಟುಗಳ ಪರೀಕ್ಷೆಯನ್ನು ಮಾತ್ರ ಅವಸರದಲ್ಲಿ ಮುಗಿಸಬಾರದು. ಟಿ480ಕ್ಕೆ ಇಂಥವು ಎರಡು, ಎರಡರಲ್ಲೂ ಚಾರ್ಜ್ ಆಗಬೇಕು, ಕೇಬಲನ್ನು ತಿರುವಿ ಹಾಕಿದರೂ ಆಗಬೇಕು, ಮೆಲ್ಲಗೆ ಅಲುಗಿಸಿದರೆ ಕಡಿಯಬಾರದು. ಪೋರ್ಟ್ ನೇರವಾಗಿ ಮದರ್‌ಬೋರ್ಡಿಗೆ ಬೆಸೆದದ್ದು, ಹಾಗಾಗಿ ಇದರ ರಿಪೇರಿಗೆ ಚಿಪ್ ಮಟ್ಟದ ಕೆಲಸ ಬಲ್ಲವರೇ ಬೇಕು. ಎರಡರಲ್ಲೊಂದು ಹೆಚ್ಚು ವೇಗದ ಥಂಡರ್‌ಬೋಲ್ಟ್ ಪೋರ್ಟ್. ಅದರ ಹಳೆಯ ಫರ್ಮ್‌ವೇರಿನಲ್ಲಿ (ಚಿಪ್ಪಿನೊಳಗಿನ ತಂತ್ರಾಂಶ) ಒಂದು ದೋಷವಿತ್ತು: ಪೋರ್ಟನ್ನು ನಡೆಸುವ ಕಂಟ್ರೋಲರ್ ಚಿಪ್ ತನ್ನ ಫ್ಲ್ಯಾಶ್ ಮೆಮೊರಿಗೆ ಬೇಡದ ದಾಖಲೆ ಬರೆಯುತ್ತಾ ಹೋಗಿ, ಕೊನೆಗೆ ಪೋರ್ಟ್ ಸತ್ತಂತಾಗುತ್ತಿತ್ತು. ಲೆನೊವೊ ಇದಕ್ಕೆ ಅಪ್‌ಡೇಟ್ ಕೊಟ್ಟಿದೆ, ಆದರೆ ಕೆಟ್ಟ ಮೇಲೆ ಹಾಕಿದರೆ ಎಲ್ಲ ಯಂತ್ರಗಳೂ ಸರಿಹೋಗುವುದಿಲ್ಲ. ಅಂಗಡಿಯಲ್ಲಿ ಆ ಪೋರ್ಟಿಗೆ ಟೈಪ್-ಸಿ ಪೆನ್‌ಡ್ರೈವ್ ಹಾಕಿ ನೋಡಿ, ಮನೆಗೆ ಬಂದ ದಿನವೇ ಅಪ್‌ಡೇಟ್ ಹಾಕಿ.

ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿ, ಆರು ತಿಂಗಳ ಅಂಗಡಿ ವಾರಂಟಿಯನ್ನು ಅದೇ ಬಿಲ್ಲಿನಲ್ಲಿ ಬರೆಸಿ. ಬಾಯಿಮಾತಿನ ವಾರಂಟಿ ಯಾರಿಗೂ ನೆನಪಿರುವುದಿಲ್ಲ.

ಬಿದ್ದ ಖರ್ಚು ಹೀಗೆ. 8 ಜಿಬಿ ಮೆಮೊರಿ, 256 ಜಿಬಿ ಎಸ್‌ಎಸ್‌ಡಿ ಇದ್ದ ಯಂತ್ರಕ್ಕೆ ₹21,000. ಇನ್ನೊಂದು 8 ಜಿಬಿ ಮೆಮೊರಿ ಪಟ್ಟಿಗೆ (ಡಿಡಿಆರ್4 ಸೋಡಿಮ್) ₹1,800. ಹೊರಬ್ಯಾಟರಿ ₹5,000, ಒಳಬ್ಯಾಟರಿ ₹3,000, 65 ವ್ಯಾಟ್ ಚಾರ್ಜರ್ ₹1,800, ಥರ್ಮಲ್ ಪೇಸ್ಟ್ (ಪ್ರೊಸೆಸರಿನ ಬಿಸಿಯನ್ನು ದಾಟಿಸುವ ಲೇಪ) ₹400. ಒಟ್ಟು ₹33,000. ಈಚೆಗೆ ಮೆಮೊರಿ ಬೆಲೆ ಏರಿರುವುದರಿಂದ, ಮೊದಲೇ 16 ಜಿಬಿ ಇರುವ ಯಂತ್ರ ಸಿಕ್ಕರೆ ಒಳ್ಳೆಯದು.

ಬಿಚ್ಚುವ ಮೊದಲು ಬಯೋಸಿನ ಕಾನ್ಫಿಗ್, ಪವರ್ ವಿಭಾಗಕ್ಕೆ ಹೋಗಿ ‘ಡಿಸೇಬಲ್ ಬಿಲ್ಟ್-ಇನ್ ಬ್ಯಾಟರಿ’ ಒತ್ತಿ, ಯಂತ್ರ ತಾನೇ ಆರುತ್ತದೆ. ಆಮೇಲೆ ಹೊರಬ್ಯಾಟರಿ ತೆಗೆಯಿರಿ. ಈ ಹಂತ ಬಿಟ್ಟರೆ ಒಳಬ್ಯಾಟರಿಯ ಕರೆಂಟ್ ಹರಿಯುತ್ತಲೇ ಇರುತ್ತದೆ, ಸ್ಕ್ರೂಡ್ರೈವರ್ ತಾಗಿದರೆ ಬೋರ್ಡ್ ಸುಡಬಹುದು. ಕೆಳಮುಚ್ಚಳದ ಸ್ಕ್ರೂಗಳು ಸಡಿಲಾಗುತ್ತವೆ, ಕಳಚಿ ಬೀಳುವುದಿಲ್ಲ. ಎಳೆದು ತೆಗೆಯಲು ಹೋಗಬೇಡಿ. ಅಂಚಿನ ಕ್ಲಿಪ್ಪುಗಳನ್ನು ಹಳೆಯ ಎಟಿಎಂ ಕಾರ್ಡಿನಿಂದ ಮೀಟಿದರೆ ಗೀರು ಬೀಳುವುದಿಲ್ಲ. ಪ್ರೊಸೆಸರ್ ಮೇಲೆ ಪೇಸ್ಟ್ ಅಕ್ಕಿಕಾಳಿನಷ್ಟು ಸಾಕು. ಅದರ ಮೇಲೆ ಕೂರುವ, ಬಿಸಿ ಎಳೆಯುವ ಲೋಹದ ಹೀಟ್‌ಸಿಂಕಿನ ಸ್ಕ್ರೂಗಳನ್ನು ಅವುಗಳ ಪಕ್ಕ ಬರೆದಿರುವ ಅಂಕಿಯ ಕ್ರಮದಲ್ಲೇ ಬಿಗಿಯಬೇಕು, ಒಂದೇ ಕಡೆ ಬಿಗಿದರೆ ಚಿಪ್ಪಿನ ಮೂಲೆಗೆ ಏಟು ಬೀಳುತ್ತದೆ. ಬೇಸಿಗೆಯ ರಾಯಚೂರು, ಕಲಬುರಗಿಯಲ್ಲಿ ಕೆಲಸ ಮಾಡುವವರು ಈ ಪೇಸ್ಟಿನ ಕೆಲಸವನ್ನು ಬಿಡಲೇಬಾರದು. ಹೊರಗೆ 42 ಡಿಗ್ರಿ ಇರುವಾಗ ಒಣಗಿದ ಪೇಸ್ಟ್ ಇದ್ದರೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ.

ಒಳಬ್ಯಾಟರಿ 24 ವ್ಯಾಟ್-ಅವರ್ (ಬ್ಯಾಟರಿ ಎಷ್ಟು ವಿದ್ಯುತ್ ಹಿಡಿಯುತ್ತದೆ ಎಂಬುದರ ಅಳತೆ). ಹೊರಬ್ಯಾಟರಿ 24, 48, 72 ಹೀಗೆ ಮೂರು ಅಳತೆಯಲ್ಲಿ ಬರುತ್ತದೆ. ಮೇಲೆ 61, 61+, 61++ ಎಂದು ಗುರುತಿರುತ್ತದೆ. 61++ ಹಾಕಿದರೆ ಒಟ್ಟು 96. ಬರವಣಿಗೆ, ಬ್ರೌಸರ್, ಅರ್ಧ ಬೆಳಕಿನ ಪರದೆ ಎಂದರೆ ಗಂಟೆಗೆ 8 ವ್ಯಾಟ್-ಅವರ್ ಸುತ್ತಮುತ್ತ ಖರ್ಚು, ಅಂದರೆ 12 ಗಂಟೆ. ವಿಡಿಯೊ ಕಾಲ್ ಶುರುವಾದರೆ ಅದು ಅರ್ಧಕ್ಕೆ ಇಳಿಯುತ್ತದೆ. ಯಂತ್ರ ಮೊದಲು ಹೊರಬ್ಯಾಟರಿಯನ್ನೇ ಬಳಸುತ್ತದೆ, ಒಳಗಿನದು ಕಾವಲಿಗೆ ಉಳಿಯುತ್ತದೆ. ಅಗ್ಗದ ನಕಲಿ ಬ್ಯಾಟರಿಗಳು ವರದಿಯಲ್ಲಿ 72 ಎಂದೇ ತೋರಿಸಿ, ಶೇ 40ರಲ್ಲಿ ದಿಢೀರನೆ ಸಾಯುತ್ತವೆ. ಪೂರ್ತಿ ಚಾರ್ಜ್ ಮಾಡಿ, ವಿಡಿಯೊ ಓಡಿಸಿ, ಗಡಿಯಾರ ನೋಡಿ. ಕೊಂಡ ವಾರದೊಳಗೇ ಮಾಡಿದರೆ ಹಿಂತಿರುಗಿಸಲು ಅವಕಾಶವಿರುತ್ತದೆ.

ವಿಮಾನದಲ್ಲಿ ಒಂದು ಬ್ಯಾಟರಿ 100 ವ್ಯಾಟ್-ಅವರ್‌ವರೆಗೆ ಇದ್ದರೆ ಅನುಮತಿ ಕೇಳಬೇಕಿಲ್ಲ. 72ರದ್ದು ಸಲೀಸು. ಬಿಡಿ ಬ್ಯಾಟರಿ ಮತ್ತು ಪವರ್‌ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಸಾಮಾನಿಗೆ ಹಾಕುವಂತಿಲ್ಲ. ಬಿಡಿ ಬ್ಯಾಟರಿಯ ಲೋಹದ ತುದಿಗಳಿಗೆ ಟೇಪ್ ಅಂಟಿಸಿ.

ಚಾರ್ಜರಿನ ವಿಷಯದಲ್ಲಿ ಅನೇಕರು ಎಡವುತ್ತಾರೆ. ಮೊಬೈಲಿನ 18–20 ವ್ಯಾಟ್ ಚಾರ್ಜರಿನಿಂದ ಇದು ಚಾರ್ಜ್ ಆಗದು, ಏಕೆಂದರೆ ಯಂತ್ರ ಕೇಳುವುದು 20 ವೋಲ್ಟ್, ಅಂಥ ಚಾರ್ಜರ್ ಕೊಡುವುದು ಅದಕ್ಕಿಂತ ಕಡಿಮೆ. ಚಾರ್ಜರಿನ ಮೇಲೆ ‘20 ವೋಲ್ಟ್ 3.25 ಆಂಪ್’ ಎಂದಿರಬೇಕು, ಇನ್‌ಪುಟ್ ‘100–240 ವೋಲ್ಟ್’ ಎಂದಿರಬೇಕು. ರೈಲಿನ ಹಲವು ಬೋಗಿಗಳಲ್ಲಿ 110 ವೋಲ್ಟಿನ ಪಾಯಿಂಟ್ ಇರುವುದರಿಂದ ಈ ಎರಡನೆಯ ಸಾಲು ಮುಖ್ಯ. ಕೇಬಲ್ 5 ಆಂಪಿನದು ಕೊಳ್ಳಿ, 3 ಆಂಪಿನದರಲ್ಲಿ 60 ವ್ಯಾಟಿಗೇ ನಿಲ್ಲುತ್ತದೆ. ಬಸ್ಸು, ರೈಲಿನ ಸಡಿಲ ಸಾಕೆಟ್ಟಿನಲ್ಲಿ ಭಾರದ ಚಾರ್ಜರ್ ನಿಲ್ಲದೆ ಜೋತುಬೀಳುತ್ತದೆ. ಒಂದು ಅಡಿಯ ಎಕ್ಸ್‌ಟೆನ್ಷನ್ ತಂತಿ ಇದ್ದರೆ ಪ್ಲಗ್ ಮಾತ್ರ ಸಾಕೆಟ್ಟಿನಲ್ಲಿ, ಭಾರ ಸೀಟಿನ ಮೇಲೆ.

ಬ್ಯಾಗಿಗೆ ಹಾಕುವ ಮೊದಲು ಸ್ಲೀಪ್ ಅಲ್ಲ, ಹೈಬರ್ನೇಟ್, ಅಂದರೆ ತೆರೆದ ಕೆಲಸವನ್ನು ಡಿಸ್ಕಿಗೆ ಉಳಿಸಿ ಯಂತ್ರ ಪೂರ್ತಿ ಆಫ್ ಆಗುವುದು. ಮುಚ್ಚಿದ ಬ್ಯಾಗಿನೊಳಗೆ ಎಚ್ಚರಗೊಂಡ ಲ್ಯಾಪ್‌ಟಾಪ್ ಬೆಂದುಹೋಗುತ್ತದೆ, ಬ್ಯಾಟರಿಯೂ ಖಾಲಿ. ಮುಚ್ಚಳ ಮುಚ್ಚಿದರೆ ಹೈಬರ್ನೇಟ್ ಆಗುವಂತೆ ಪವರ್ ಆಪ್ಷನ್ಸಿನಲ್ಲಿ ಹೊಂದಿಸಿದ್ದೇನೆ. ಬೆನ್ನಿಗೆ ತಾಗುವ ಖಾನೆಯಲ್ಲಿ, ಪರದೆಯ ಬದಿ ಬೆನ್ನಿನ ಕಡೆಗೆ; ಚಾರ್ಜರ್, ಟಿಫಿನ್ ಡಬ್ಬಿ ಯಾವುದೂ ಮುಚ್ಚಳಕ್ಕೆ ಒತ್ತುವಂತಿರಬಾರದು. ಮಳೆಗಾಲದ ಮಲೆನಾಡು, ಕರಾವಳಿಗೆ ಹೋಗುವಾಗ ಬ್ಯಾಗಿನ ಹೊದಿಕೆಯ ಜೊತೆಗೆ ಒಳಗೊಂದು ದಪ್ಪ ಪ್ಲಾಸ್ಟಿಕ್ ಚೀಲವೂ ಬೇಕು. ಎಸಿ ಕೋಣೆಯಿಂದ ತೇವದ ಹೊರಗಾಳಿಗೆ ತಂದ ತಕ್ಷಣ ಆನ್ ಮಾಡದೆ, ಅರ್ಧ ಗಂಟೆ ಚೀಲದಲ್ಲೇ ಬಿಟ್ಟರೆ ಹನಿಗಟ್ಟಿದ ನೀರಿನ ಭಯವಿರದು.

ಈ ಯಂತ್ರ ಎಲ್ಲರಿಗೂ ಹೊಂದುವುದಿಲ್ಲ. ದೊಡ್ಡ ಬ್ಯಾಟರಿ ಹಾಕಿದಾಗ ಎರಡು ಕಿಲೊ ಹತ್ತಿರ ತೂಗುತ್ತದೆ. ಬಿಸಿಲಿನಲ್ಲಿ ಪರದೆ ಮಂಕು. ವಿಡಿಯೊ ಎಡಿಟಿಂಗಿಗೆ ಕಷ್ಟ. 1.29 ಕಿಲೊ ತೂಕದ, ಫ್ಯಾನೇ ಇಲ್ಲದ 2020ರ ಮ್ಯಾಕ್‌ಬುಕ್ ಏರ್ ಎಂ1 ಸೆಕೆಂಡ್ ಹ್ಯಾಂಡಿನಲ್ಲಿ ಒಳ್ಳೆಯ ಬದಲಿಯೇ. ಆದರೆ ಅದರ ಮೆಮೊರಿ, ಸಂಗ್ರಹ ಎರಡೂ ಬೆಸುಗೆಯವು. ಪರದೆ ಮತ್ತು ಕೀಬೋರ್ಡಿನ ನಡುವೆ ಜಾಗ ಎಷ್ಟು ಕಡಿಮೆಯೆಂದರೆ ಕ್ಯಾಮೆರಾಕ್ಕೆ ಮುಚ್ಚಳ ಅಂಟಿಸಿ ಮಡಚಬೇಡಿ ಎಂದು ಆ್ಯಪಲ್ ತಾನೇ ಎಚ್ಚರಿಸಿದೆ. ನೂಕುನುಗ್ಗಲಿನ ಬಸ್ಸಿನಲ್ಲಿ ಓಡಾಡುವವರಿಗೆ ನಾನದನ್ನು ಹೇಳಲಾರೆ.

ಕೊನೆಯ ಕೆಲಸ ಬಿಟ್‌ಲಾಕರ್, ಅಂದರೆ ಡಿಸ್ಕಿನಲ್ಲಿರುವುದನ್ನೆಲ್ಲ ಗೂಢಲಿಪಿಯಲ್ಲಿಡುವ ವಿಂಡೋಸ್ ಸೌಲಭ್ಯ, ಚಾಲೂ ಮಾಡುವುದು. ಕಳೆದರೆ ಯಂತ್ರ ಹೋಗಲಿ, ಒಳಗಿನದು ಯಾರ ಕೈಗೂ ಸಿಗಬಾರದು. ಬಯೋಸ್ ಅಪ್‌ಡೇಟ್ ಮಾಡುವ ಮುನ್ನ ಬಿಟ್‌ಲಾಕರನ್ನು ಸಸ್ಪೆಂಡ್ (ತಾತ್ಕಾಲಿಕ ನಿಲುಗಡೆ) ಮಾಡದಿದ್ದರೆ ಮುಂದಿನ ಸಲ ಆನ್ ಆಗುವಾಗ 48 ಅಂಕಿಯ ರಿಕವರಿ ಕೀ ಕೇಳಬಹುದು. ಆ ಅಂಕಿಗಳನ್ನು ಕಾಗದದ ಮೇಲೆ ಬರೆದು ಮನೆಯ ಬೀರುವಿನಲ್ಲಿಟ್ಟಿದ್ದೇನೆ, ಮನೆಯಲ್ಲಿರುವವರು ಫೋನಿನಲ್ಲಿ ಓದಿ ಹೇಳಬಲ್ಲರು.