ಅಮೆರಿಕದ ಅಧ್ಯಕ್ಷರು ಒಬ್ಬರೇ ಏನೇನು ಮಾಡಬಹುದು: ಇಲ್ಲಿರುವ ಕನ್ನಡಿಗರಿಗೊಂದು ಕೈಪಿಡಿ

ಭಾರತದವರನ್ನು ನಾವು ರಾಷ್ಟ್ರಪತಿ ಎನ್ನುತ್ತೇವೆ, ಅಮೆರಿಕದವರನ್ನು ಅಧ್ಯಕ್ಷ ಎನ್ನುತ್ತೇವೆ. ಪತ್ರಿಕೆಗಳು ರೂಢಿ ಮಾಡಿದ ಈ ಭೇದ ಅರ್ಥವಿಲ್ಲದ್ದಲ್ಲ. ನಮ್ಮ ರಾಷ್ಟ್ರಪತಿ ಮೂರೂ ಸೇನೆಗಳಿಗೆ ದಂಡನಾಯಕರಾದರೂ ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು. ಅಮೆರಿಕದ ಅಧ್ಯಕ್ಷರಿಗೆ ಆ ಕಟ್ಟು ಇಲ್ಲ. ಸಚಿವರೆಲ್ಲರೂ ಬೇಡವೆಂದರೂ ಸೇನೆಗೆ ಆಜ್ಞೆ ಕೊಡಬಹುದು. ಇದನ್ನು ಕೇಳಿದ ನಮ್ಮವರು ಇಲ್ಲಿ ಅಧ್ಯಕ್ಷರು ಹೇಳಿದ್ದೇ ಕಾನೂನು ಎಂದು ತಿಳಿಯುತ್ತಾರೆ. ಟಿವಿಯಲ್ಲಿ ಒಂದು ಘೋಷಣೆ ಬಂದರೆ ಸಾಕು, ಊರಿನಿಂದ ಫೋನ್ ಬರುತ್ತದೆ: "ನಿನ್ನ ವೀಸಾ ಗತಿ ಏನಪ್ಪಾ?" ಅಧ್ಯಕ್ಷರ ಕೈ ಎಲ್ಲಿಯವರೆಗೆ ಚಾಚುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಗೊತ್ತಿದ್ದರೆ ಆ ಫೋನಿಗೆ ಸಮಾಧಾನದಿಂದ ಉತ್ತರ ಹೇಳಬಹುದು.

ಮೊದಲು ಯುದ್ಧದ ವಿಷಯ. ಸಂವಿಧಾನ ಅಧ್ಯಕ್ಷರನ್ನು ಸೇನೆಯ ದಂಡನಾಯಕರನ್ನಾಗಿ ಮಾಡಿ, ಯುದ್ಧ ಸಾರುವ ಅಧಿಕಾರವನ್ನು ಮಾತ್ರ ಕಾಂಗ್ರೆಸ್ಸಿಗೆ ಕೊಟ್ಟಿದೆ. (ಇಲ್ಲಿ ಕಾಂಗ್ರೆಸ್ ಎಂದರೆ ಪಕ್ಷವಲ್ಲ, ಸಂಸತ್ತು.) ಹಣವೂ ಕಾಂಗ್ರೆಸ್ಸಿನದೇ. ಭೂಸೇನೆಗೆ ಒಮ್ಮೆಗೆ ಎರಡು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಹಣ ಮಂಜೂರು ಮಾಡುವಂತಿಲ್ಲ ಎಂದು ಸಂವಿಧಾನವೇ ಹೇಳುತ್ತದೆ. ಬ್ರಿಟಿಷ್ ದೊರೆಯ ಸೈನಿಕರು ಊರೊಳಗೇ ಬಿಡಾರ ಹೂಡಿದ್ದನ್ನು ಕಂಡವರು ಬರೆದ ಮಾತು ಅದು. ನಮ್ಮ ಗ್ರಾಮ ಪಂಚಾಯಿತಿಯಲ್ಲಿ ಅಧ್ಯಕ್ಷರ ಜೊತೆಗೆ ಪಿಡಿಒ ಸಹಿಯೂ ಬಿದ್ದರೇ ಚೆಕ್ ನಡೆಯುವುದು. ಇಲ್ಲಿಯ ಲೆಕ್ಕಾಚಾರವೂ ಆ ಜಂಟಿ ಸಹಿಯದೇ.

ಕಾಗದದ ಮೇಲಿನ ಈ ವ್ಯವಸ್ಥೆ ನಡೆದುಬಂದ ರೀತಿ ಬೇರೆ. ಕಾಂಗ್ರೆಸ್ ಕೊನೆಯದಾಗಿ ಯುದ್ಧ ಸಾರಿದ್ದು 1942ರಲ್ಲಿ. ಕೊರಿಯಾ, ವಿಯೆಟ್ನಾಂ, ಇರಾಕ್, ಅಫ್ಗಾನಿಸ್ತಾನ ಇವು ಯಾವುದಕ್ಕೂ ಔಪಚಾರಿಕ ಯುದ್ಧಘೋಷಣೆ ಆಗಲಿಲ್ಲ. ವಿಯೆಟ್ನಾಂನಿಂದ ಬೇಸತ್ತ ಕಾಂಗ್ರೆಸ್ 1973ರಲ್ಲಿ, ಅಧ್ಯಕ್ಷ ನಿಕ್ಸನ್ ಅವರ ವೀಟೊ ಮೀರಿ, ಯುದ್ಧಾಧಿಕಾರದ ಕಾಯ್ದೆ ತಂದಿತು. ಸೇನೆಯನ್ನು ಕಾಳಗಕ್ಕೆ ಇಳಿಸಿದರೆ 48 ಗಂಟೆಯೊಳಗೆ ಕಾಂಗ್ರೆಸ್ಸಿಗೆ ವರದಿ ಕೊಡಬೇಕು. ಕಾಂಗ್ರೆಸ್ ಒಪ್ಪಿಗೆ ಕೊಡದಿದ್ದರೆ 60 ದಿನಗಳಲ್ಲಿ ನಿಲ್ಲಿಸಬೇಕು, ಸೈನಿಕರನ್ನು ಹಿಂದೆ ಕರೆಸಿಕೊಳ್ಳಲು ಬೇಕಾದರೆ ಇನ್ನೂ 30 ದಿನ. 2011ರಲ್ಲಿ ಲಿಬಿಯಾ ಮೇಲಿನ ದಾಳಿ 60 ದಿನ ದಾಟಿದಾಗ ಒಬಾಮಾ ಸರ್ಕಾರ, ಇದು ಆ ಕಾಯ್ದೆ ಹೇಳುವ ಮಟ್ಟದ ಕಾಳಗವೇ ಅಲ್ಲ ಎಂದು ವಾದಿಸಿತು. 2019ರಲ್ಲಿ ಯೆಮೆನ್ ಯುದ್ಧಕ್ಕೆ ನೆರವು ನಿಲ್ಲಿಸಿ ಎಂದು ಎರಡೂ ಸದನಗಳು ನಿರ್ಣಯ ಮಾಡಿದವು. ಟ್ರಂಪ್ ವೀಟೊ ಮಾಡಿದರು, ಅದನ್ನು ಮೀರಲು ಬೇಕಾದ ಮೂರನೇ ಎರಡು ಬಹುಮತ ಸಿಗಲಿಲ್ಲ. ಅಧ್ಯಕ್ಷರು ಕಸಿದುಕೊಂಡಷ್ಟೇ ಕಾಂಗ್ರೆಸ್ ತಾನಾಗಿ ಬಿಟ್ಟುಕೊಟ್ಟಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. 2001ರ ಸೆಪ್ಟೆಂಬರ್ ದಾಳಿಯ ಬೆನ್ನಿಗೇ ಬಲಪ್ರಯೋಗಕ್ಕೆ ಕೊಟ್ಟ ಅನುಮತಿಯ ತಿರುಳು 60 ಪದಗಳ ಒಂದು ವಾಕ್ಯ. ಕಾಂಗ್ರೆಸ್ಸಿನ ಕೆಳಮನೆಯಾದ ಪ್ರತಿನಿಧಿ ಸಭೆಯಲ್ಲಿ 420 ಮಂದಿ ಪರವಾಗಿ ಮತ ಹಾಕಿದರು, ವಿರುದ್ಧ ಬಿದ್ದದ್ದು ಓಕ್ಲೆಂಡಿನ ಬಾರ್ಬರಾ ಲೀ ಅವರ ಒಂದೇ ಮತ. ಆಗ ಹುಟ್ಟಿಯೇ ಇರದ ಸಂಘಟನೆಗಳ ಮೇಲೂ ಮುಂದಿನ ಅಧ್ಯಕ್ಷರು ಅದೇ ವಾಕ್ಯವನ್ನು ಹಿಡಿದು ಬಾಂಬ್ ಹಾಕಿಸಿದರು.

ಆದರೆ ಕಾಂಗ್ರೆಸ್ ಮನಸ್ಸು ಮಾಡಿದರೆ ಅಧ್ಯಕ್ಷರ ಕೈ ಎಷ್ಟು ಬಿಗಿಯಾಗಿ ಕಟ್ಟಬಹುದು ಎಂಬುದಕ್ಕೆ ನಮ್ಮ ಬೆಂಗಳೂರೇ ಸಾಕ್ಷಿ. 1998ರ ಮೇ 11 ಮತ್ತು 13ರಂದು ಪೋಖ್ರಾನಿನಲ್ಲಿ ಅಣುಪರೀಕ್ಷೆ ನಡೆಯಿತು. ಅಣ್ವಸ್ತ್ರ ಇಲ್ಲದ ದೇಶವೆಂದು ತಾನು ಗುರುತಿಸಿದ ಯಾವ ದೇಶ ಅಣುಸ್ಫೋಟ ಮಾಡಿದರೂ ನಿರ್ಬಂಧ ಹೇರಲೇಬೇಕು ಎಂದು ಕಾಂಗ್ರೆಸ್ 1994ರಲ್ಲೇ ಕಾನೂನು ಮಾಡಿತ್ತು. ಅದರಲ್ಲಿ ರಿಯಾಯಿತಿ ಕೊಡುವ ಅಧಿಕಾರ ಅಧ್ಯಕ್ಷರಿಗೆ ಇರಲಿಲ್ಲ. ಕ್ಲಿಂಟನ್ ಮೇ 13ರಂದೇ ನಿರ್ಬಂಧ ಸಾರಿದರು. ಬೆಂಗಳೂರಿನಲ್ಲಿ ರೂಪುಗೊಳ್ಳುತ್ತಿದ್ದ ತೇಜಸ್ ಯುದ್ಧವಿಮಾನದ ಹಾರಾಟ ನಿಯಂತ್ರಣದ ಮೇಲೆ ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಎಂಜಿನಿಯರುಗಳು ಕೆಲಸವನ್ನು ಅರ್ಧಕ್ಕೆ ಬಿಟ್ಟು ಮರಳಬೇಕಾಯಿತು. ಎಚ್‌ಎಎಲ್, ಬಿಇಎಲ್ ಎಲ್ಲವೂ ನಿರ್ಬಂಧದ ಪಟ್ಟಿಗೆ ಸೇರಿದವು. ಉಳಿದ ಕೆಲಸವನ್ನು ಬೆಂಗಳೂರಿನಲ್ಲೇ ಮುಗಿಸಿ, 2001ರ ಜನವರಿ 4ರಂದು ಎಚ್‌ಎಎಲ್ ವಿಮಾನ ನಿಲ್ದಾಣದಿಂದ ವಿಮಾನವನ್ನು ಹಾರಿಸಿದರು. ಆ ದಿನವನ್ನು ನೆನೆದರೆ ಇಂದಿಗೂ ಎದೆ ತುಂಬಿ ಬರುತ್ತದೆ.

ಗಂಟನ್ನು ಬಿಚ್ಚಿದ ಬಗೆಯನ್ನೂ ನೋಡಿ. ನಿರ್ಬಂಧದಿಂದ ಪಾಕಿಸ್ತಾನಕ್ಕೆ ಗೋಧಿ ಮಾರಲಾಗದೆ ಅಮೆರಿಕದ ರೈತರೇ ಕಂಗಾಲಾದರು. ಜುಲೈ ತಿಂಗಳಲ್ಲೇ ಕಾಂಗ್ರೆಸ್ ತರಾತುರಿಯಿಂದ, ಕೃಷಿ ಸರಕು ಕೊಳ್ಳಲು ಆ ದೇಶಗಳಿಗೆ ಕೊಡುವ ಸಾಲವನ್ನು ನಿರ್ಬಂಧದಿಂದ ಹೊರಗಿಟ್ಟಿತು. ಆಮೇಲೆ ಹಂತ ಹಂತವಾಗಿ ಅಧ್ಯಕ್ಷರಿಗೆ ರಿಯಾಯಿತಿಯ ಅಧಿಕಾರ ಕೊಟ್ಟಿತು. ಅದನ್ನು ಬಳಸಿ 2001ರ ಸೆಪ್ಟೆಂಬರ್ 22ರಂದು ಬುಷ್ ಆ ನಿರ್ಬಂಧಗಳನ್ನು ತೆಗೆದರು. ಕಟ್ಟಿದ್ದೂ ಕಾಂಗ್ರೆಸ್, ಬಿಚ್ಚಲು ಕೈಗೆ ಕೀಲಿ ಕೊಟ್ಟಿದ್ದೂ ಕಾಂಗ್ರೆಸ್.

ಈಗ ನಮ್ಮ ಮನೆಬಾಗಿಲಿಗೆ ನೇರವಾಗಿ ಬರುವ ಅಧಿಕಾರ. ದೇಶದ ಹಿತಕ್ಕೆ ಧಕ್ಕೆ ಎಂದು ಕಂಡರೆ ವಿದೇಶಿಯರ ಪ್ರವೇಶವನ್ನು ಅಧ್ಯಕ್ಷರು ತಡೆಹಿಡಿಯಬಹುದು ಎಂದು 1952ರ ವಲಸೆ ಕಾನೂನು ಹೇಳುತ್ತದೆ. ಇದು ಬಹಳ ವಿಸ್ತಾರವಾದ ಅಧಿಕಾರ. ಕೆಲವು ದೇಶಗಳ ಜನರಿಗೆ ಟ್ರಂಪ್ ಹಾಕಿದ ತಡೆಯನ್ನು 2018ರಲ್ಲಿ ಸುಪ್ರೀಂ ಕೋರ್ಟ್ 5–4ರಿಂದ ಎತ್ತಿಹಿಡಿಯಿತು. 2020ರ ಜೂನ್‌ನಲ್ಲಿ ಹೊಸ ಎಚ್-1ಬಿ (ನುರಿತ ಕೆಲಸಗಾರರ ವೀಸಾ) ಪ್ರವೇಶ ನಿಂತದ್ದೂ, ಕೋವಿಡ್ ಕಾರಣಕ್ಕೆ 2021ರ ಮೇ 4ರಿಂದ ಭಾರತದಿಂದ ಬರುವವರಿಗೆ ಬೈಡನ್ ಬಾಗಿಲು ಹಾಕಿದ್ದೂ, 2025ರ ಸೆಪ್ಟೆಂಬರ್ 19ರಂದು ಎಚ್-1ಬಿಗೆ 1 ಲಕ್ಷ ಡಾಲರ್ ಶುಲ್ಕ ಬಂದದ್ದೂ ಇದೇ ಕಾನೂನಿನ ಬಲದಿಂದ. ಪಕ್ಷ ಯಾವುದಾದರೂ ಅಧಿಕಾರ ಒಂದೇ.

2021ರ ಆ ಮೇ ತಿಂಗಳನ್ನು ನಾನು ಮರೆಯಲಾರೆ. ನನ್ನ ಗೆಳೆಯನೊಬ್ಬ ತಾಯಿಯ ಅಂತ್ಯಕ್ರಿಯೆಗೆಂದು ಹೆಂಡತಿ, ಎರಡು ವರ್ಷದ ಮಗಳೊಂದಿಗೆ ಶಿವಮೊಗ್ಗಕ್ಕೆ ಹೋಗಿದ್ದ. ವಾಪಸು ಹೊರಟಾಗ ಕೆಂಪೇಗೌಡ ವಿಮಾನ ನಿಲ್ದಾಣದ ಕೌಂಟರಿನಲ್ಲಿದ್ದ ಯುವತಿ, "ಎಚ್-1ಬಿಯವರಿಗೆ ಪ್ರವೇಶ ಇಲ್ಲ ಸರ್" ಎಂದಳು. ಗೆಳೆಯ ಆದೇಶದ ಪೂರ್ಣ ಪಾಠವನ್ನು ಮುದ್ರಿಸಿ ಒಯ್ದಿದ್ದ. ಅಮೆರಿಕದ ಪ್ರಜೆಯಾದ, 21 ವರ್ಷದೊಳಗಿನ ಅವಿವಾಹಿತ ಮಗುವಿನ ತಂದೆತಾಯಿಗೆ ಈ ತಡೆ ಅನ್ವಯಿಸುವುದಿಲ್ಲ ಎಂಬ ಸಾಲಿಗೆ ಹಳದಿ ಬಣ್ಣ ಬಳಿದಿದ್ದ. ಮಗಳ ನೀಲಿ ಪಾಸ್‌ಪೋರ್ಟನ್ನು ಆ ಸಾಲಿನ ಪಕ್ಕದಲ್ಲಿಟ್ಟ. ಆಕೆ ಮೇಲಿನವರನ್ನು ಕರೆದಳು, ಅವರು ಇನ್ಯಾರಿಗೋ ಫೋನ್ ಮಾಡಿದರು. ಮುಕ್ಕಾಲು ಗಂಟೆಯ ನಂತರ ಮೂರು ಬೋರ್ಡಿಂಗ್ ಪಾಸ್ ಬಂದವು. ಅದೇ ವಾರ ಹೊರಟಿದ್ದ ಇನ್ನೊಬ್ಬ ಪರಿಚಿತನಿಗೆ ಮಕ್ಕಳಿರಲಿಲ್ಲ. ಅವನು ಮೂರನೇ ದೇಶವೊಂದರಲ್ಲಿ 14 ದಿನ ಕಳೆದು ಬರಬೇಕಾಯಿತು.

ಹಾಗಾಗಿ ಘೋಷಣೆ ಹೊರಟ ರಾತ್ರಿ ವಾಟ್ಸ್‌ಆ್ಯಪ್ ನೋಡಬೇಡಿ, ಶ್ವೇತಭವನದ ತಾಣದಲ್ಲಿ ಮೂಲ ಪಾಠವನ್ನೇ ಓದಿ. ಯಾವ ಕಾನೂನಿನ ಹೆಸರು ಹೇಳಿದ್ದಾರೆ, ಯಾವ ಗಂಟೆಯಿಂದ ಜಾರಿ, ಯಾವತ್ತು ಮುಗಿಯುತ್ತದೆ, ಯಾರನ್ನು ಬಿಟ್ಟಿದ್ದಾರೆ ಎಂಬುದು ಅಲ್ಲಿರುತ್ತದೆ. 2025ರ ಶುಲ್ಕದ ಸುದ್ದಿ ಕೇಳಿ ಊರಿನಲ್ಲಿದ್ದವರು ಹಬ್ಬ, ಮದುವೆ ಬಿಟ್ಟು ದುಬಾರಿ ಟಿಕೆಟ್ ಕೊಂಡು ಓಡಿಬಂದರು. ಹಳೆಯ ವೀಸಾದವರಿಗೆ ಅದು ಅನ್ವಯಿಸುವುದಿಲ್ಲ, ಹೊಸ ಅರ್ಜಿಗಳಿಗೆ ಮಾತ್ರ ಎಂದು ಸರ್ಕಾರ ಮರುದಿನವೇ ಸ್ಪಷ್ಟಪಡಿಸಿತು. ಮೂಲ ಪಾಠದ ಮಾತುಗಳೇ ಅಷ್ಟು ಮಸುಕಾಗಿದ್ದವು, ಓಡಿಬಂದವರನ್ನು ನಾನು ದೂರುವುದಿಲ್ಲ.

ಕೋರ್ಟುಗಳ ಮೇಲೆ ಎಷ್ಟು ಭರವಸೆ ಇಡಬಹುದು? 1952ರಲ್ಲಿ ಕೊರಿಯಾ ಯುದ್ಧಕ್ಕೆ ಉಕ್ಕು ಬೇಕೆಂದು ಟ್ರೂಮನ್ ಖಾಸಗಿ ಉಕ್ಕಿನ ಕಾರ್ಖಾನೆಗಳನ್ನು ವಶಪಡಿಸಿಕೊಂಡರು. ಎರಡು ತಿಂಗಳೊಳಗೆ ಸುಪ್ರೀಂ ಕೋರ್ಟ್ 6–3ರಿಂದ ಅದನ್ನು ತಳ್ಳಿಹಾಕಿತು. ಆಗ ನ್ಯಾಯಮೂರ್ತಿ ಜಾಕ್ಸನ್ ಹಾಕಿಕೊಟ್ಟ ಅಳತೆಗೋಲನ್ನು ವಕೀಲರು ಇಂದಿಗೂ ಹಿಡಿಯುತ್ತಾರೆ: ಕಾಂಗ್ರೆಸ್ ಒಪ್ಪಿದ್ದರೆ ಅಧ್ಯಕ್ಷರ ಬಲ ಅತ್ಯಂತ ಹೆಚ್ಚು, ಕಾಂಗ್ರೆಸ್ ಸುಮ್ಮನಿದ್ದರೆ ಅದು ಮಬ್ಬು ಪ್ರದೇಶ, ಕಾಂಗ್ರೆಸ್ ಬೇಡವೆಂದಿದ್ದರೆ ಬಲ ಅತ್ಯಂತ ಕಡಿಮೆ. ವೀಸಾ ತಡೆಯ ಪ್ರಕರಣಗಳಲ್ಲಿ ಸರ್ಕಾರದ ಕಡೆ ತೂಕ ಜಾಸ್ತಿ ಇರುವುದು ಇದರಿಂದಲೇ, 1952ರ ಕಾನೂನಿನಲ್ಲಿ ಕಾಂಗ್ರೆಸ್ಸೇ ಒಪ್ಪಿಗೆ ಕೊಟ್ಟುಬಿಟ್ಟಿದೆ. ಆದರೂ 2020ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಧೀಶರೊಬ್ಬರು ಎಚ್-1ಬಿ ತಡೆಯನ್ನು ನಿಲ್ಲಿಸಿದರು, ದಾವೆ ಹೂಡಿದ್ದ ವಾಣಿಜ್ಯ ಸಂಘಗಳ ಸದಸ್ಯ ಕಂಪನಿಗಳ ಮಟ್ಟಿಗೆ.

ಕೋರ್ಟು ಕೈಬಿಟ್ಟ ಕಥೆಯನ್ನೂ ಹೇಳಲೇಬೇಕು. 1942ರ ಫೆಬ್ರುವರಿ 19ರಂದು ರೂಸ್‌ವೆಲ್ಟ್ ಹಾಕಿದ ಒಂದು ಸಹಿಯಿಂದ ಸುಮಾರು 1,20,000 ಜಪಾನಿ ಮೂಲದವರು ಮನೆ, ಅಂಗಡಿ, ತೋಟ ಬಿಟ್ಟು ಶಿಬಿರ ಸೇರಿದರು. ಅವರಲ್ಲಿ ಮೂರನೇ ಎರಡರಷ್ಟು ಮಂದಿ ಅಮೆರಿಕದ ಪ್ರಜೆಗಳು. 1944ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸರಿ ಎಂದಿತು. 1988ರಲ್ಲಿ ಕಾಂಗ್ರೆಸ್ ಕ್ಷಮೆ ಕೇಳಿ, ಬದುಕಿದ್ದ ಪ್ರತಿಯೊಬ್ಬರಿಗೂ 20,000 ಡಾಲರ್ ಪರಿಹಾರ ಕೊಟ್ಟಿತು. 1944ರ ತೀರ್ಪು ತಪ್ಪೆಂದು ಕೋರ್ಟ್ ಹೇಳಿದ್ದು 2018ರಲ್ಲಿ.

ಗಂಡುಮಕ್ಕಳಿರುವ ಮನೆಯವರು ಇನ್ನೊಂದು ಗಮನಿಸಿ. ಕಡ್ಡಾಯ ಸೈನಿಕ ಸೇವೆಯನ್ನು ಅಧ್ಯಕ್ಷರು ಒಬ್ಬರೇ ಮತ್ತೆ ತರಲಾರರು, ಅದಕ್ಕೆ ಕಾಂಗ್ರೆಸ್ ಕಾನೂನು ಮಾಡಬೇಕು. ಆದರೆ 18ರಿಂದ 25 ವರ್ಷದ ಗಂಡುಮಕ್ಕಳ ಹೆಸರು, ಅಂಥ ಸೇವೆಗೆ ಕರೆಯಲೆಂದು ಸರ್ಕಾರ ಇಟ್ಟುಕೊಂಡಿರುವ ಸೆಲೆಕ್ಟಿವ್ ಸರ್ವಿಸ್ ಪಟ್ಟಿಯಲ್ಲಿರಬೇಕು, ಗ್ರೀನ್ ಕಾರ್ಡ್ ಇರುವವರಿಗೂ ಇದು ಅನ್ವಯ. ಊರ್ಜಿತ ಎಚ್-1ಬಿ ಅಥವಾ ವಿದ್ಯಾರ್ಥಿ ವೀಸಾದಲ್ಲಿರುವವರಿಗೆ ಬೇಡ. ಹೆಸರಿಲ್ಲದಿದ್ದರೆ ಮುಂದೆ ಪೌರತ್ವದ ಅರ್ಜಿಯಲ್ಲಿ ತೊಡಕಾಗಬಹುದು.

ಮತವಿಲ್ಲದವರ ಮಾತು ಯಾರು ಕೇಳುತ್ತಾರೆ ಎಂದು ಕೈಕಟ್ಟಿ ಕೂರಬೇಡಿ. ಪ್ರತಿನಿಧಿ ಸಭೆಯ ಸದಸ್ಯರ ಸ್ಥಳೀಯ ಕಚೇರಿಗೆ ಫೋನ್ ಮಾಡಿದರೆ ಮೊದಲು ಕೇಳುವುದು ನಿಮ್ಮ ಜಿಪ್ ಕೋಡನ್ನು. ಆ ಕ್ಷೇತ್ರದಲ್ಲಿ ವಾಸವಿದ್ದೀರಾ ಎಂಬುದೇ ಅವರಿಗೆ ಮುಖ್ಯ. ಸಿಕ್ಕಿಬಿದ್ದ ಅರ್ಜಿಯ ಬಗ್ಗೆ ಸರ್ಕಾರಿ ಇಲಾಖೆಯನ್ನು ಅವರು ವಿಚಾರಿಸಬೇಕಾದರೆ ನಿಮ್ಮ ಲಿಖಿತ ಒಪ್ಪಿಗೆ ಬೇಕು. ಅದಕ್ಕೆ ನಮೂನೆ ಕಳಿಸುತ್ತಾರೆ. ಪ್ರಕರಣದ ಸಂಖ್ಯೆ, ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರು, ಹುಟ್ಟಿದ ದಿನಾಂಕ ತುಂಬಿ, ಸಹಿ ಹಾಕಿ ಅಂದೇ ಕಳಿಸಿ.